ಅಮೀಬಾ ಸಿಕ್ಕಿತು, ಸರಿ. ಯಾವ ಅಮೀಬಾ?

ಕೇರಳದಲ್ಲಿ 2024ರಲ್ಲಿ, ಆಮೇಲೆ 2025ರಲ್ಲಿ, ಅಮೀಬಾದಿಂದ ಬರುವ ಮೆದುಳಿನ ಸೋಂಕು ಸಾಲುಸಾಲಾಗಿ ಕಾಣಿಸಿಕೊಂಡಿತು. ಸುದ್ದಿಗಳಲ್ಲಿ ಅದಕ್ಕೆ ಒಂದೇ ಹೆಸರು: ‘ಮೆದುಳು ತಿನ್ನುವ ಅಮೀಬಾ’. ಓದಿದವರಿಗೆ ಹೆದರಿಕೆ ಆಗುವುದು ಸಹಜ. ಆದರೆ ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಒಂದೇ ಬಗೆಯ ಅಮೀಬಾ ಅಲ್ಲ. ಕೆಲವು ರೋಗಿಗಳಲ್ಲಿ ನೆಗ್ಲೇರಿಯಾ ಇತ್ತು, ಇನ್ನು ಕೆಲವರಲ್ಲಿ ಅಕಾಂತಮೀಬಾ. ಎರಡೂ ಮೆದುಳಿಗೆ ಹೋಗಬಲ್ಲವು ನಿಜ. ಆದರೆ ನೆಗ್ಲೇರಿಯಾ ಕೆಲವೇ ದಿನಗಳಲ್ಲಿ ಜೀವ ತೆಗೆಯುತ್ತದೆ, ಅಕಾಂತಮೀಬಾ ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೊಳಗೇ ಬೆಳೆಯುತ್ತದೆ.

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಕೆರೆ, ನಲ್ಲಿ, ಮಣ್ಣು, ಧೂಳು, ಎಲ್ಲಿ ಹುಡುಕಿದರೂ ಅಮೀಬಾ ಸಿಗುತ್ತದೆ. ಅವುಗಳಲ್ಲಿ ಬಹುಪಾಲು ಯಾರಿಗೂ ಏನೂ ಮಾಡುವುದಿಲ್ಲ. ಹಾಗಾಗಿ ‘ನೀರಿನಲ್ಲಿ ಅಮೀಬಾ ಪತ್ತೆ’ ಅನ್ನುವ ಮಾತಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಯಾವ ಅಮೀಬಾ ಅನ್ನುವುದು ಮುಖ್ಯ. ಅದನ್ನು ಹೇಳಬಲ್ಲದ್ದು ಅದರ ಜೀನ್. ಜೀನ್ ಓದಲು ಶುರು ಮಾಡಿದ ಮೇಲೆ ಏನೇನು ಗೊತ್ತಾಯಿತು, ಏನು ಇನ್ನೂ ಗೊತ್ತಾಗುವುದಿಲ್ಲ ಅನ್ನುವುದನ್ನು ಮೊದಲಿಂದ ನೋಡೋಣ.

ಸ್ವತಂತ್ರವಾಗಿ ಬದುಕುವುದು ಅಂದರೆ ಏನು?

ಅಮೀಬಾ ಅಂದರೆ ಒಂದೇ ಕೋಶದ ಜೀವಿ. ಅದಕ್ಕೆ ಗೊತ್ತಾದ ಆಕಾರವಿಲ್ಲ. ಮೈಯ ಒಂದು ಭಾಗವನ್ನು ಮುಂದಕ್ಕೆ ಚಾಚಿ, ಉಳಿದದ್ದನ್ನು ಹಿಂದಿನಿಂದ ಎಳೆದುಕೊಂಡು ಸಾಗುತ್ತದೆ. ಬ್ಯಾಕ್ಟೀರಿಯಾ ಸಿಕ್ಕರೆ ಸುತ್ತುವರಿದು ನುಂಗುತ್ತದೆ.

ಶಾಲೆಯಲ್ಲಿ ಓದಿದ ಆಮಶಂಕೆಯ ಅಮೀಬಾ ನೆನಪಿರಬಹುದು. ಅದು ಪರಾವಲಂಬಿ. ಮನುಷ್ಯನ ಕರುಳಿಲ್ಲದೆ ಅದರ ಸಂಸಾರ ನಡೆಯುವುದಿಲ್ಲ. ನಾವು ಇಲ್ಲಿ ಮಾತಾಡುತ್ತಿರುವವು ಹಾಗಲ್ಲ. ಇವಕ್ಕೆ ನಮ್ಮ ಅಗತ್ಯವೇ ಇಲ್ಲ. ಮಣ್ಣಿನಲ್ಲೋ ನೀರಿನಲ್ಲೋ ಬ್ಯಾಕ್ಟೀರಿಯಾ ತಿಂದುಕೊಂಡು, ಎರಡಾಗಿ ಸೀಳಿಕೊಂಡು, ತಮ್ಮ ಪಾಡಿಗೆ ತಾವು ಇರುತ್ತವೆ. ಹೀಗೆ ಬದುಕುವುದರಿಂದಲೇ ಇವಕ್ಕೆ ‘ಸ್ವತಂತ್ರಜೀವಿ ಅಮೀಬಾ’ ಅನ್ನುತ್ತಾರೆ. ಮನುಷ್ಯನ ಕಣ್ಣು ಅಥವಾ ಮೆದುಳನ್ನು ಸೇರುವುದು ಇವುಗಳ ಪಾಲಿಗೆ ಒಂದು ಆಕಸ್ಮಿಕ.

ರೋಗಕ್ಕೆ ಸಂಬಂಧಿಸಿ ಮುಖ್ಯವಾಗಿ ಕೇಳಿಬರುವ ಹೆಸರುಗಳು ನಾಲ್ಕು: ಅಕಾಂತಮೀಬಾ, ನೆಗ್ಲೇರಿಯಾ, ಬಾಲಮುಥಿಯಾ, ಸಪೀನಿಯಾ. ಇವುಗಳ ಜೊತೆ ವರ್ಮಮೀಬಾ ಅನ್ನುವ ಇನ್ನೊಂದು ಕುಲವೂ ನೀರಿನ ಪೈಪುಗಳಲ್ಲಿ ತುಂಬಾ ಸಾಮಾನ್ಯ.

ಪರಿಸ್ಥಿತಿ ಕೆಟ್ಟಾಗ ಇವು ಸಿಸ್ಟ್ ಆಗುತ್ತವೆ. ಅಂದರೆ ಮೈಯನ್ನು ಮುದುಡಿಕೊಂಡು, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು, ತಿನ್ನದೆ ಬೆಳೆಯದೆ ಕಾಯುತ್ತವೆ. ಅಕಾಂತಮೀಬಾದ ಸಿಸ್ಟ್‌ಗೆ ಎರಡು ಪದರದ ಗೋಡೆ, ಅದರಲ್ಲಿ ಸೆಲ್ಯುಲೋಸ್ ಕೂಡ ಇರುತ್ತದೆ. ಪ್ರಯೋಗಾಲಯಗಳಲ್ಲಿ 20 ವರ್ಷಕ್ಕಿಂತ ಹೆಚ್ಚು ಕಾಲ ಸುಮ್ಮನೆ ಇಟ್ಟಿದ್ದ ಸಿಸ್ಟ್‌ಗಳಿಂದ ಜೀವಂತ ಅಮೀಬಾ ಹೊರಬಂದದ್ದು ದಾಖಲಾಗಿದೆ. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಪ್ರಮಾಣಕ್ಕೆ ಅದು ಜಗ್ಗುವುದಿಲ್ಲ. ನೆಗ್ಲೇರಿಯಾದ ಸಿಸ್ಟ್ ಅಷ್ಟು ಗಟ್ಟಿ ಅಲ್ಲ.

ಒಂದೇ ಹೆಸರು, ದೂರದೂರದ ಕುಲ

ನೋಡಲು ಒಂದೇ ತರ ಇದ್ದ ಮಾತ್ರಕ್ಕೆ ಇವೆಲ್ಲ ನೆಂಟರು ಅಂದುಕೊಳ್ಳುವುದು ಸುಲಭ. ಜೀನ್ ಹೇಳುವುದು ಬೇರೆ.

ಅಕಾಂತಮೀಬಾ, ಬಾಲಮುಥಿಯಾ, ಸಪೀನಿಯಾ, ವರ್ಮಮೀಬಾ ಒಂದು ದೊಡ್ಡ ಗುಂಪಿಗೆ ಸೇರುತ್ತವೆ. ನೆಗ್ಲೇರಿಯಾ ಆ ಗುಂಪಿನಲ್ಲೇ ಇಲ್ಲ. ಅದರ ಸಂಬಂಧ ಯೂಗ್ಲಿನಾ ಮತ್ತು ನಿದ್ರಾರೋಗ ತರುವ ಟ್ರಿಪನೋಸೋಮಾದಂಥ ಜೀವಿಗಳ ಕಡೆಗೆ. ಇದಕ್ಕಿಂತ ವಿಚಿತ್ರ ಏನೆಂದರೆ, ಅಕಾಂತಮೀಬಾ ವಂಶವೃಕ್ಷದಲ್ಲಿ ನೆಗ್ಲೇರಿಯಾಗಿಂತ ನಮಗೇ, ಅಂದರೆ ಪ್ರಾಣಿಗಳು ಮತ್ತು ಶಿಲೀಂಧ್ರಗಳು ಇರುವ ಕೊಂಬೆಗೇ, ಹೆಚ್ಚು ಹತ್ತಿರ. ನಂಬಲು ಕಷ್ಟ ಅಲ್ವಾ? ತೆವಳುವ ಅಭ್ಯಾಸ ಒಂದೇ ಆದರೂ ವಂಶ ಬೇರೆ.

ಇದು ಬರೀ ಪಂಡಿತರ ಲೆಕ್ಕಾಚಾರವಲ್ಲ. ವಂಶ ಬೇರೆಯಾದರೆ ಕೋಶದೊಳಗಿನ ಕೆಲಸಗಳೂ ಬೇರೆ ಇರುತ್ತವೆ. ಒಂದಕ್ಕೆ ನಾಟುವ ಔಷಧ ಇನ್ನೊಂದಕ್ಕೆ ನಾಟಲೇಬೇಕೆಂದಿಲ್ಲ. ಒಂದನ್ನು ಹಿಡಿಯುವ ಪರೀಕ್ಷೆ ಇನ್ನೊಂದನ್ನು ಕಾಣುವುದೇ ಇಲ್ಲ. ನೆಗ್ಲೇರಿಯಾಗೆ ಮಾತ್ರ ಪಿಸಿಆರ್ ಮಾಡಿ ‘ಅಮೀಬಾ ಇಲ್ಲ’ ಅಂದರೆ ಅದು ಅರ್ಧ ಉತ್ತರ.

ಸೂಕ್ಷ್ಮದರ್ಶಕ ದಾರಿ ತಪ್ಪಿಸಿದ್ದು

ಜೀನ್ ಓದುವ ಕಾಲ ಬರುವ ಮೊದಲು ಅಮೀಬಾ ಗುರುತಿಸಲು ಇದ್ದದ್ದು ಕಣ್ಣು ಮತ್ತು ಸೂಕ್ಷ್ಮದರ್ಶಕ. ಆ ಕಾಲದ ಕಥೆಗಳು ಒಂದಕ್ಕಿಂತ ಒಂದು ಸ್ವಾರಸ್ಯ.

1930ರಲ್ಲಿ ಆಲ್ಡೊ ಕ್ಯಾಸ್ಟೆಲಾನಿ ಎಂಬ ವೈದ್ಯ ಲಂಡನ್ನಿನಲ್ಲಿ ಯೀಸ್ಟ್ ಬೆಳೆಸುತ್ತಿದ್ದಾಗ ಅದರ ನಡುವೆ ಕರೆಯದೇ ಬಂದ ಒಂದು ಅಮೀಬಾ ಕಂಡ. ಮರುವರ್ಷ ಅಕಾಂತಮೀಬಾ ಎಂಬ ಕುಲವನ್ನು ಹೆಸರಿಸಲಾಯಿತು. ಆಗ ಅದು ಮಣ್ಣು-ನೀರಿನ ನಿರುಪದ್ರವಿ ಜೀವಿ. 1958ರಲ್ಲಿ ಅಮೆರಿಕದ ಕ್ಲೈಡ್ ಕಲ್ಬರ್ಟ್‌ಸನ್ ಪೋಲಿಯೊ ಲಸಿಕೆಯ ಕೆಲಸದಲ್ಲಿದ್ದಾಗ, ಅಂಗಾಂಶ ಕೃಷಿಯಲ್ಲಿ ಸೇರಿಕೊಂಡಿದ್ದ ಇಂಥದೇ ಅಮೀಬಾ ಇಲಿಗಳ ಮೆದುಳನ್ನು ಹಾಳು ಮಾಡುವುದನ್ನು ನೋಡಿದರು. ಹಾಗಾದರೆ ಮನುಷ್ಯರಿಗೂ ಹೀಗೆ ಆಗಬಹುದೇ ಎಂಬ ಅನುಮಾನ ಹುಟ್ಟಿದ್ದು ಆಗ.

ಉತ್ತರ ಬಂದದ್ದು ಆಸ್ಟ್ರೇಲಿಯಾದಿಂದ. 1965ರಲ್ಲಿ ಮಾಲ್ಕಮ್ ಫೌಲರ್ ಮತ್ತು ರಾಡ್ನಿ ಕಾರ್ಟರ್ ಮೆದುಳಿನ ಸೋಂಕಿನಿಂದ ಸತ್ತ ರೋಗಿಗಳ ಬಗ್ಗೆ ವರದಿ ಬರೆದರು. ಆ ವರದಿಯ ತಲೆಬರಹದಲ್ಲೇ ಇದು ‘ಬಹುಶಃ ಅಕಾಂತಮೀಬಾ’ದಿಂದ ಆದದ್ದು ಅಂತ ಇತ್ತು. ಅದು ಅಕಾಂತಮೀಬಾ ಆಗಿರಲಿಲ್ಲ. ಅದು ನೆಗ್ಲೇರಿಯಾ. 1970ರಲ್ಲಿ ಕಾರ್ಟರ್ ಅದಕ್ಕೆ ಫೌಲರ್ ಗೌರವಾರ್ಥ ನೆಗ್ಲೇರಿಯಾ ಫೌಲೆರಿ ಅಂತ ಹೆಸರಿಟ್ಟರು. ಅಂದರೆ ಈ ರೋಗದ ಇತಿಹಾಸ ಶುರುವಾಗಿದ್ದೇ ತಪ್ಪು ಗುರುತಿನಿಂದ.

ಎರಡನೆಯದು ಬಾಲಮುಥಿಯಾ. 1986ರಲ್ಲಿ ಸ್ಯಾನ್ ಡಿಯಾಗೋದ ಮೃಗಾಲಯದಲ್ಲಿ ಒಂದು ಮ್ಯಾಂಡ್ರಿಲ್ ಕೋತಿ ಸತ್ತಿತು. ಅದರ ಮೆದುಳಿನಲ್ಲಿ ಸಿಕ್ಕ ಅಮೀಬಾ ಯಾವುದಕ್ಕೂ ಹೊಂದಲಿಲ್ಲ. ಗೋವಿಂದ ವಿಶ್ವೇಶ್ವರ ಮತ್ತು ಸಂಗಡಿಗರು ಅದನ್ನು ವಿವರಿಸಿದರು. 1993ರಲ್ಲಿ ಬಾಲಮುಥಿಯಾ ಮ್ಯಾಂಡ್ರಿಲಾರಿಸ್ ಎಂಬ ಹೆಸರು ಬಂತು. ಆಮೇಲೆ ಹಳೆಯ ರೋಗಿಗಳ ಕಾದಿಟ್ಟ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಿದಾಗ, ಅಕಾಂತಮೀಬಾ ಅಂತ ಬರೆದಿದ್ದ ಕೆಲವು ಪ್ರಕರಣಗಳು ನಿಜವಾಗಿ ಬಾಲಮುಥಿಯಾದವು ಅಂತ ತಿಳಿಯಿತು. ಮೆದುಳಿನ ಅಂಗಾಂಶದಲ್ಲಿ ಎರಡೂ ಹೆಚ್ಚೂಕಡಿಮೆ ಒಂದೇ ತರ ಕಾಣುತ್ತವೆ.

ಮೂರನೆಯದು ಸಪೀನಿಯಾ. ಟೆಕ್ಸಾಸ್‌ನ ಒಬ್ಬ ರೋಗಿಯ ಮೆದುಳಿನಲ್ಲಿ ಸಿಕ್ಕ ಅಮೀಬಾದ ವರದಿ 2001ರಲ್ಲಿ ಬಂತು. ಆತ ಬದುಕಿ ಉಳಿದ. ಒಂದೇ ಕೋಶದಲ್ಲಿ ಎರಡು ನ್ಯೂಕ್ಲಿಯಸ್ ಒತ್ತಿಕೊಂಡು ಕೂತಿರುವುದು ಸಪೀನಿಯಾದ ಗುರುತು. ಅದನ್ನು ನೋಡಿ ಸಪೀನಿಯಾ ಡಿಪ್ಲಾಯ್ಡಿಯಾ ಅಂದರು. ಕುಲ ಸರಿ ಇತ್ತು, ಪ್ರಭೇದ ತಪ್ಪಿತ್ತು. ಕೆಲವು ವರ್ಷಗಳ ನಂತರ ಅದೇ ಅಂಗಾಂಶದ ಡಿಎನ್‌ಎ ಓದಿದಾಗ ಅದು ಸಪೀನಿಯಾ ಪೆಡಾಟಾ ಅಂತ ಖಚಿತವಾಯಿತು.

ಈ ಮೂರರಲ್ಲೂ ಕೆಲಸ ಮಾಡಿದವರು ಅನನುಭವಿಗಳಲ್ಲ. ಕಣ್ಣಿಗೆ ಕಾಣುವ ಲಕ್ಷಣಗಳೇ ಅಷ್ಟು ಕಡಿಮೆ. ಅಕಾಂತಮೀಬಾದ ಸಿಸ್ಟ್‌ಗಳ ಗಾತ್ರ ಮತ್ತು ಆಕಾರ ನೋಡಿ 1977ರಲ್ಲಿ ಪುಸ್ಸಾರ್ ಮತ್ತು ಪೊನ್ಸ್ ಮೂರು ಗುಂಪು ಮಾಡಿದ್ದರು. ಅದು ಈಗಲೂ ಬಳಕೆಯಲ್ಲಿದೆ. ಆದರೆ ಬೆಳೆಸುವ ಮಾಧ್ಯಮ ಬದಲಾದರೆ ಸಿಸ್ಟ್‌ನ ಆಕಾರವೂ ಬದಲಾಗಬಹುದು. ಹಾಗಿರುವಾಗ ಆಕಾರ ನಂಬಿ ಪ್ರಭೇದದ ಹೆಸರು ಕೊಟ್ಟರೆ ಎಷ್ಟು ದಿನ ಉಳಿದೀತು?

ಹೆಸರು ಹೇಳುವ ಜೀನ್

ಪ್ರತಿ ಕೋಶದಲ್ಲೂ ಪ್ರೋಟೀನ್ ತಯಾರಿಸುವ ಸಣ್ಣ ಯಂತ್ರಗಳಿವೆ, ಅವು ರೈಬೋಸೋಮ್. ರೈಬೋಸೋಮಿನ ಒಂದು ಭಾಗವನ್ನು ಕಟ್ಟುವ ಸೂಚನೆ 18ಎಸ್ ಎಂಬ ಜೀನಿನಲ್ಲಿ ಇರುತ್ತದೆ. ಅಮೀಬಾಗೂ ಇದು ಬೇಕು, ಬೇವಿನ ಮರಕ್ಕೂ ಬೇಕು, ನಮಗೂ ಬೇಕು. ಎಲ್ಲರಲ್ಲೂ ಇರುವುದರಿಂದಲೇ ಎಲ್ಲರನ್ನೂ ಹೋಲಿಸಿ ನೋಡಲು ಅದು ಅನುಕೂಲ.

ಒಂದು ಜನಪದ ಹಾಡನ್ನು ನೆನೆದುಕೊಳ್ಳಿ. ಬಾಯಿಂದ ಬಾಯಿಗೆ, ಊರಿಂದ ಊರಿಗೆ ಹೋಗುವಾಗ ಅದರ ಪಲ್ಲವಿ ಹಾಗೇ ಉಳಿಯುತ್ತದೆ. ನಡುವಿನ ನುಡಿಗಳು ಮಾತ್ರ ಊರೂರಿಗೆ ಅಷ್ಟಿಷ್ಟು ಬದಲಾಗುತ್ತವೆ. ನುಡಿ ಕೇಳಿದರೆ ಇದು ಯಾವ ಸೀಮೆಯ ಹಾಡುಗಾರ್ತಿ ಅಂತ ಹೇಳಬಹುದು. 18ಎಸ್ ಜೀನ್ ಹೀಗೇ ಇದೆ. ಅದರ ಕೆಲವು ಭಾಗಗಳು ಕೋಟ್ಯಂತರ ವರ್ಷಗಳಿಂದ ಹೆಚ್ಚು ಬದಲಾಗಿಲ್ಲ, ಏಕೆಂದರೆ ಅಲ್ಲಿ ಬದಲಾದರೆ ಯಂತ್ರವೇ ಕೆಡುತ್ತದೆ. ನಡುನಡುವೆ ಇರುವ ಇನ್ನು ಕೆಲವು ಭಾಗಗಳು ಬದಲಾದರೂ ನಡೆಯುತ್ತದೆ. ಪಿಸಿಆರ್ ಮಾಡುವವರು ಪಲ್ಲವಿಯನ್ನು ಹಿಡಿದುಕೊಂಡು ಜೀನನ್ನು ಹುಡುಕುತ್ತಾರೆ, ನುಡಿಯನ್ನು ಓದಿ ಅದು ಯಾರದೆಂದು ಹೇಳುತ್ತಾರೆ.

ಪಿಸಿಆರ್ ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡಿ ಓದುವಷ್ಟು ಹೆಚ್ಚಿಸಿಕೊಳ್ಳುವ ವಿಧಾನ. ಕೋವಿಡ್ ಕಾಲದಿಂದ ಈ ಪದ ಎಲ್ಲರಿಗೂ ಗೊತ್ತು. 18ಎಸ್ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಬಹಳಷ್ಟು ಜೀನ್‌ಗಳ ಒಂದೋ ಎರಡೋ ಪ್ರತಿ ಇರುವ ಕಡೆ, ಅಕಾಂತಮೀಬಾದ ಒಂದು ಕೋಶದಲ್ಲಿ ಇದರ ನೂರಾರು ಪ್ರತಿಗಳಿರುತ್ತವೆ. ನೆಗ್ಲೇರಿಯಾದಲ್ಲಿ ಇದು ವರ್ಣತಂತುವಿನಲ್ಲಿ ಇರುವುದೇ ಇಲ್ಲ. ಉಂಗುರದಂಥ ಪುಟ್ಟ ಡಿಎನ್‌ಎಯಲ್ಲಿ ಬೇರೆಯಾಗಿ ಇರುತ್ತದೆ, ಆ ಉಂಗುರಗಳು ಒಂದು ಕೋಶದಲ್ಲಿ ಸಾವಿರಾರು. ರೋಗಿಯ ಬೆನ್ನುಹುರಿ ದ್ರವದ ಒಂದು ಹನಿಯಲ್ಲಿ ಬೆರಳೆಣಿಕೆಯಷ್ಟೇ ಅಮೀಬಾ ಇದ್ದರೂ ಪರೀಕ್ಷೆ ಹಿಡಿಯುವುದು ಇದರಿಂದ.

1990ರ ದಶಕದಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೈಯರ್ಸ್ ತಂಡ ಅಕಾಂತಮೀಬಾಗಳ 18ಎಸ್ ಓದಲು ಶುರು ಮಾಡಿತು. 1996ರಲ್ಲಿ ನಾಲ್ಕು ಬಗೆ ಕಂಡವು. ಅವನ್ನು ಟಿ1, ಟಿ2, ಟಿ3, ಟಿ4 ಅಂದರು. 1998ರ ಹೊತ್ತಿಗೆ ಅದು ಟಿ12ಕ್ಕೆ ಬಂತು. ಈಗ 20 ದಾಟಿದೆ. ಈ ಬಗೆಗಳಿಗೆ ಜೀನೋಟೈಪ್ ಅಂತ ಹೆಸರು. ಎರಡು ಅಮೀಬಾಗಳ ಜೀನ್ ಅಕ್ಷರಗಳು ಸುಮಾರು 5 ಶೇಕಡಕ್ಕಿಂತ ಹೆಚ್ಚು ಬೇರೆ ಇದ್ದರೆ ಬೇರೆ ಜೀನೋಟೈಪ್, ಇದು ಒಪ್ಪಂದ. ಈ 5 ಶೇಕಡ ಪ್ರಕೃತಿ ಗೀಚಿದ ಗೆರೆಯಲ್ಲ. ಎಲ್ಲಾದರೂ ಒಂದು ಕಡೆ ಗೆರೆ ಹಾಕಬೇಕಲ್ಲ ಅಂತ ಜನ ಹಾಕಿದ್ದು. ಹಾಗಾಗಿ ಗೆರೆಯ ಅಂಚಿನಲ್ಲಿ ಬೀಳುವ ಅಮೀಬಾಗಳ ಬಗ್ಗೆ ತಕರಾರು ನಡೆಯುತ್ತಲೇ ಇರುತ್ತದೆ.

ಇಡೀ ಜೀನಿನಲ್ಲಿ 2,300ರಷ್ಟು ಅಕ್ಷರಗಳಿವೆ. ದಿನನಿತ್ಯದ ಕೆಲಸಕ್ಕೆ ಅಷ್ಟೂ ಓದುವುದಿಲ್ಲ. ಹೆಚ್ಚು ಬದಲಾಗುವ 450 ಅಕ್ಷರಗಳ ಒಂದು ತುಂಡನ್ನು ಓದಿದರೆ ಸಾಮಾನ್ಯವಾಗಿ ಸಾಕು. ಹೊಸ ಜೀನೋಟೈಪ್ ಸಿಕ್ಕಿದೆ ಅಂತ ಹೇಳಬೇಕಾದರೆ ಮಾತ್ರ ಪೂರ್ತಿ ಓದಬೇಕು.

ಜೀನೋಟೈಪ್ ಬಂದ ಮೇಲೆ ಹಳೆಯ ಹೆಸರುಗಳ ಗತಿ ಏನಾಯಿತು? ಗೊಂದಲ ಹೊರಬಿತ್ತು, ಅಷ್ಟೇ. ಬೇರೆ ಬೇರೆ ಪ್ರಭೇದದ ಹೆಸರು ಹೊತ್ತ ತಳಿಗಳು ಒಂದೇ ಟಿ4ರಲ್ಲಿ ಬಂದು ಕೂತವು. ಒಂದೇ ಹೆಸರಿನ ತಳಿಗಳು ಬೇರೆ ಬೇರೆ ಜೀನೋಟೈಪ್‌ಗಳಿಗೆ ಚದುರಿದವು. ಅದಕ್ಕೇ ಈಗಿನ ವರದಿಗಳಲ್ಲಿ ‘ಅಕಾಂತಮೀಬಾ ಟಿ4’ ಅಂತ ಬರೆದು, ಪ್ರಭೇದದ ಹೆಸರನ್ನು ಬಿಟ್ಟುಬಿಡುವುದೇ ಜಾಸ್ತಿ.

ಟಿ4 ಏಕೆ ಎಲ್ಲೆಲ್ಲೂ?

ಜಗತ್ತಿನ ಯಾವ ಮೂಲೆಯಲ್ಲಿ ನೀರು-ಮಣ್ಣು ತಂದು ನೋಡಿದರೂ ಸಾಮಾನ್ಯವಾಗಿ ಹೆಚ್ಚು ಸಿಗುವುದು ಟಿ4. ಕಣ್ಣಿನ ಕಾರ್ನಿಯಾಗೆ ಅಕಾಂತಮೀಬಾ ಸೋಂಕು ತಗುಲಿದವರಲ್ಲೂ ಟಿ4ದ್ದೇ ದೊಡ್ಡ ಪಾಲು. ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಅಲ್ಲಿ ಹುಣ್ಣಾದರೆ ವಿಪರೀತ ನೋವು, ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವೊಮ್ಮೆ ದೃಷ್ಟಿಯೇ ಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಇದು ಹೆಚ್ಚು. ಕಣ್ಣಿಗೆ ಮಣ್ಣು ಬಿದ್ದೋ ಗಾಯವಾಗಿಯೋ ಬರುವುದೂ ಉಂಟು.

ಟಿ4 ರೋಗಿಗಳಲ್ಲಿ ಹೆಚ್ಚು ಸಿಗುತ್ತದೆ ಅಂದರೆ ಅದು ಹೆಚ್ಚು ಅಪಾಯಕಾರಿ ಅಂತಲೇ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಎರಡು ಸಾಧ್ಯತೆಗಳಿವೆ. ಪರಿಸರದಲ್ಲಿ ಅದೇ ಹೆಚ್ಚು ಇರುವುದರಿಂದ ಕಣ್ಣಿಗೂ ಅದೇ ಹೆಚ್ಚು ಬೀಳುತ್ತಿರಬಹುದು. ಅಥವಾ ಕಣ್ಣಿಗೆ ಅಂಟಿಕೊಳ್ಳುವ, ಅಂಗಾಂಶ ಕರಗಿಸುವ ಸಾಮರ್ಥ್ಯ ಅದಕ್ಕೇ ಹೆಚ್ಚು ಇರಬಹುದು. ಇವನ್ನು ಬೇರ್ಪಡಿಸಲು ಪರಿಸರದ ಲೆಕ್ಕ ಮತ್ತು ರೋಗಿಗಳ ಲೆಕ್ಕ ಎರಡನ್ನೂ ಅಕ್ಕಪಕ್ಕ ಇಡಬೇಕು. ಪ್ರಕಟವಾದ ಜೀನ್ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ 2013ರಲ್ಲಿ ಹೀಗೊಂದು ವಿಶ್ಲೇಷಣೆ ನಡೆಯಿತು. ಪರಿಸರದಲ್ಲಿ ಟಿ4 ಇರುವ ಪಾಲಿಗಿಂತ ರೋಗಿಗಳಲ್ಲಿ ಇರುವ ಪಾಲು ಜಾಸ್ತಿ ಅಂತ ಅದರಲ್ಲಿ ಕಂಡಿತು. ಅಂದರೆ ಬರೀ ಸಂಖ್ಯೆಯ ಬಲವಲ್ಲ, ಅದರಲ್ಲಿ ಬೇರೇನೋ ಇದೆ.

ಹಾಗಂತ ಟಿ4 ಎಲ್ಲವೂ ಕೆಟ್ಟದ್ದಲ್ಲ. ಟಿ4 ಒಂದು ದೊಡ್ಡ ಮನೆತನ, ಒಳಗೆ ಟಿ4ಎ, ಟಿ4ಬಿ ಅಂತ ಉಪಬಗೆಗಳಿವೆ. ನೂರಾರು ಪ್ರಯೋಗಗಳಿಗೆ ಬಳಸಿದ ‘ನೆಫ್’ ತಳಿಯೂ ಟಿ4. ಅದನ್ನು 1957ರಲ್ಲಿ ಕ್ಯಾಲಿಫೋರ್ನಿಯಾದ ಮಣ್ಣಿನಿಂದ ತೆಗೆದದ್ದು, ಯಾವ ರೋಗಿಯಿಂದಲೂ ಅಲ್ಲ.

ಇನ್ನೊಂದು ಕಡೆ, ನಿರುಪದ್ರವಿ ಅಂತ ಬಿಟ್ಟಿದ್ದ ಗುಂಪೂ ಪಾಠ ಕಲಿಸಿದೆ. ದೊಡ್ಡ ಸಿಸ್ಟ್ ಇರುವ ಮೊದಲನೇ ಗುಂಪಿನ ಅಕಾಂತಮೀಬಾಗಳು ರೋಗ ತರುವುದಿಲ್ಲ ಅನ್ನುವ ನಂಬಿಕೆ ಬಹುಕಾಲ ಇತ್ತು. ಆ ಗುಂಪಿಗೇ ಸೇರಿದ ಟಿ18 ಎಂಬ ಹೊಸ ಜೀನೋಟೈಪ್ ಸಿಕ್ಕಿದ್ದು ಮೆದುಳಿನ ಸೋಂಕಿನಿಂದ ಸತ್ತ ರೋಗಿಯಲ್ಲಿ. ಮೆದುಳಿನ ಪ್ರಕರಣಗಳಲ್ಲಿ ಟಿ4 ಮಾತ್ರವಲ್ಲದೆ ಟಿ1, ಟಿ10, ಟಿ12 ಕೂಡ ಕಂಡಿವೆ. ಇಂಥ ಮೆದುಳಿನ ಸೋಂಕು ಹೆಚ್ಚಾಗಿ ಬರುವುದು ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ. ಅಮೀಬಾ ಯಾವುದು ಅನ್ನುವಷ್ಟೇ, ಅದು ಯಾರೊಳಗೆ ಹೋಯಿತು ಅನ್ನುವುದೂ ಮುಖ್ಯ.

ನೆಗ್ಲೇರಿಯಾದ ಲೆಕ್ಕ ಬೇರೆ

ನೆಗ್ಲೇರಿಯಾ ಕುಲದಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳಿವೆ. ಮನುಷ್ಯರಿಗೆ ರೋಗ ತರುವುದು ಅವುಗಳಲ್ಲಿ ಒಂದೇ ಒಂದು, ಫೌಲೆರಿ. ಇದು ಬೆಚ್ಚಗಿನ ಸಿಹಿನೀರಿನ ಜೀವಿ. 45-46 ಡಿಗ್ರಿ ಸೆಲ್ಸಿಯಸ್‌ವರೆಗೂ ಬೆಳೆಯಬಲ್ಲದು. ನೀರು ಮೂಗಿನೊಳಗೆ ನುಗ್ಗಿದಾಗ ವಾಸನೆಯ ನರದ ಜಾಡು ಹಿಡಿದು ಮೆದುಳು ಸೇರುತ್ತದೆ. ಅಮೆರಿಕದಲ್ಲಿ 1962ರಿಂದ 2022ರವರೆಗೆ ದಾಖಲಾದವರು 157 ಜನ, ಬದುಕಿದವರು 4. ಅಪರೂಪದ ರೋಗ, ಆದರೆ ಬಂದರೆ ಭಯಂಕರ.

ಇದರ ಹತ್ತಿರದ ಬಂಧು ನೆಗ್ಲೇರಿಯಾ ಲೊವಾನಿಯೆನ್ಸಿಸ್. ಅದಕ್ಕೂ ಬಿಸಿ ನೀರು ಇಷ್ಟ, ಸೂಕ್ಷ್ಮದರ್ಶಕದಲ್ಲಿ ಫೌಲೆರಿಯಂತೆಯೇ ಕಾಣುತ್ತದೆ, ಎರಡೂ ಒಂದೇ ಕಡೆ ಇರಬಲ್ಲವು. ಆದರೆ ಅದು ರೋಗ ತರುವುದಿಲ್ಲ. ಒಂದು ಈಜುತಾಣದ ನೀರನ್ನು 44 ಡಿಗ್ರಿಯಲ್ಲಿ ಇಟ್ಟು ನೆಗ್ಲೇರಿಯಾ ಬೆಳೆಯಿತು ಅಂದರೆ, ಜನರನ್ನು ದೂರ ಇಡಬೇಕಾ ಬೇಡವಾ ಅನ್ನುವುದು ಈ ಎರಡರಲ್ಲಿ ಅದು ಯಾವುದು ಅನ್ನುವುದರ ಮೇಲೆ ನಿಂತಿದೆ. ಜೀನ್ ಓದದೆ ತೀರ್ಮಾನಿಸುವುದು ಕಷ್ಟ.

ಇಲ್ಲಿ 18ಎಸ್ ಅಷ್ಟು ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ನೆಗ್ಲೇರಿಯಾಗಳಲ್ಲಿ ಅದು ತೀರಾ ಒಂದೇ ತರ ಇದೆ. ಅದರ ಪಕ್ಕದಲ್ಲೇ ಇರುವ ಐಟಿಎಸ್ ಎಂಬ ತುಂಡು ಬೇಗ ಬದಲಾಗುತ್ತದೆ. ಆ ತುಂಡು ರೈಬೋಸೋಮಿಗೆ ಕೊನೆಗೆ ಬೇಕಾಗುವುದಿಲ್ಲ, ಕತ್ತರಿಸಿ ಎಸೆಯಲಾಗುತ್ತದೆ. ಹಾಗಾಗಿ ಅಲ್ಲಿ ಬದಲಾದರೂ ನಷ್ಟವಿಲ್ಲ. ಪ್ರಭೇದ ಗುರುತಿಸಲು ಅದನ್ನೇ ಓದುತ್ತಾರೆ. ಫೌಲೆರಿಯ ಒಳಗೇ ಎಂಟು ಬಗೆಗಳನ್ನು ಹೀಗೆ ಗುರುತಿಸಿದ್ದಾರೆ. ಅವು ಖಂಡಗಳಲ್ಲಿ ಸಮನಾಗಿ ಹಂಚಿಲ್ಲ. ಯುರೋಪಿನಲ್ಲಿ ಹೆಚ್ಚು ಬಗೆಗಳು, ಅಮೆರಿಕದಲ್ಲಿ ಅದಕ್ಕಿಂತ ಕಡಿಮೆ.

ಬಾಲಮುಥಿಯಾದಲ್ಲಂತೂ ವೈವಿಧ್ಯ ಇನ್ನೂ ಕಡಿಮೆ. ಬೇರೆ ಬೇರೆ ದೇಶದ ರೋಗಿಗಳಿಂದ ತೆಗೆದ ತಳಿಗಳ 18ಎಸ್ ಹೆಚ್ಚೂಕಡಿಮೆ ಒಂದೇ. ವ್ಯತ್ಯಾಸ ಹುಡುಕಬೇಕಾದರೆ ಮೈಟೊಕಾಂಡ್ರಿಯಾದ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಡಿಎನ್‌ಎಗೆ ಹೋಗಬೇಕು.

ಮಾದರಿಯಿಂದ ಹೆಸರಿನ ತನಕ

ಕೆರೆಯ ನೀರು ತಂದರೆ ಮೊದಲು ಅದನ್ನು ಸೋಸುತ್ತಾರೆ. ಸೋಸುಕಾಗದವನ್ನು ಪೋಷಕಾಂಶವಿಲ್ಲದ ಅಗಾರ್, ಅಂದರೆ ಜೆಲ್ಲಿಯಂಥ ಪದಾರ್ಥ, ಹಾಕಿದ ತಟ್ಟೆಯ ಮೇಲೆ ಇಡುತ್ತಾರೆ. ತಟ್ಟೆಗೆ ಮುಂಚೆಯೇ ಇ. ಕೊಲೈ ಬ್ಯಾಕ್ಟೀರಿಯಾ ಸವರಿರುತ್ತಾರೆ, ಅದು ಅಮೀಬಾಗೆ ಊಟ. ಅಮೀಬಾ ತಿನ್ನುತ್ತಾ ಮುಂದೆ ಹೋದಂತೆ ತಟ್ಟೆಯ ಮೇಲೆ ಅದರ ಜಾಡು ಕಾಣುತ್ತದೆ. 30, 37, 42 ಡಿಗ್ರಿ ಹೀಗೆ ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿ ನೋಡುತ್ತಾರೆ. ಮನುಷ್ಯನ ಮೈಬಿಸಿಯಲ್ಲಿ ಬೆಳೆಯದ ಅಮೀಬಾ ಮೆದುಳಿಗೆ ಹೋಗಿ ಮಾಡುವುದೇನೂ ಇಲ್ಲ. ಕಣ್ಣಿನ ಸೋಂಕಾದರೆ ಕಾರ್ನಿಯಾ ಕೆರೆದು ತೆಗೆದ ಚೂರು, ಮೆದುಳಿನದಾದರೆ ಬೆನ್ನುಹುರಿ ದ್ರವ ಅಥವಾ ಅಂಗಾಂಶ. ಆಮೇಲೆ ಪಿಸಿಆರ್, ಜೀನ್ ಓದು.

ಈ ವಿಧಾನಕ್ಕೆ ಒಂದು ಪಕ್ಷಪಾತ ಇದೆ. ಅಗಾರ್ ಮೇಲೆ ಚುರುಕಾಗಿ ಬೆಳೆಯುವ ಅಮೀಬಾ ತಟ್ಟೆಯನ್ನು ಆಕ್ರಮಿಸುತ್ತದೆ, ನಿಧಾನದವು ಮರೆಯಾಗುತ್ತವೆ. ಟಿ4 ಎಲ್ಲೆಲ್ಲೂ ಇದೆ ಅನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾಲಮುಥಿಯಾದ ಪಾಡು ಇನ್ನೂ ಕಷ್ಟ. ಅದಕ್ಕೆ ಬ್ಯಾಕ್ಟೀರಿಯಾದ ಊಟ ಒಗ್ಗುವುದಿಲ್ಲ, ಬೇರೆ ಅಮೀಬಾಗಳನ್ನೋ ಪ್ರಾಣಿಕೋಶಗಳನ್ನೋ ಕೊಡಬೇಕು. ಅದನ್ನು ಮಣ್ಣಿನಿಂದ ಮೊದಲ ಬಾರಿ ಬೇರ್ಪಡಿಸಿದ ವರದಿ ಬಂದದ್ದು 2003ರಲ್ಲಿ, ಮೃಗಾಲಯದ ಕೋತಿ ಸತ್ತು ಹದಿನೇಳು ವರ್ಷಗಳ ನಂತರ. ಅಷ್ಟು ಕಾಲ ಅದು ಇರಲಿಲ್ಲ ಅಂತಲ್ಲ, ನಮ್ಮ ತಟ್ಟೆಗೆ ಬರಲಿಲ್ಲ.

ಬೆಳೆಸದೆ ನೀರಿನಿಂದಲೇ ನೇರವಾಗಿ ಡಿಎನ್‌ಎ ತೆಗೆದು, ಅದರಲ್ಲಿರುವ ಎಲ್ಲರ ಜೀನ್‌ಗಳನ್ನೂ ಒಟ್ಟಿಗೆ ಓದುವ ವಿಧಾನ ಈಗ ಇದೆ. ಒಂದೇ ಬಾಟಲಿಯಲ್ಲಿ ಹಲವು ಜೀನೋಟೈಪ್ ಇದ್ದರೂ ಬೇರೆ ಬೇರೆಯಾಗಿ ಕಾಣುತ್ತವೆ. ಇದರ ಕೊರತೆ ಬೇರೆ: ಸತ್ತ ಕೋಶದ ಡಿಎನ್‌ಎಯೂ ಓದಿಗೆ ಸಿಗುತ್ತದೆ. ಜೀವಂತ ಅಮೀಬಾ ಇದೆಯೇ ಅಂತ ತಿಳಿಯಲು ಮತ್ತೆ ಹಳೆಯ ಅಗಾರ್ ತಟ್ಟೆಗೇ ಬರಬೇಕು.

ಕಣ್ಣಿಗೂ ನಲ್ಲಿಗೂ ನಂಟು

ಪರಿಸರದ ಮಾದರಿ ಮತ್ತು ರೋಗಿಯ ಮಾದರಿ ಎರಡನ್ನೂ ಓದುವುದರ ನಿಜವಾದ ಪ್ರಯೋಜನ ಸೋಂಕಿನ ಮೂಲ ಹುಡುಕುವಾಗ ಕಾಣುತ್ತದೆ. ಬ್ರಿಟನ್ನಿನಲ್ಲಿ ಕಣ್ಣಿಗೆ ಅಕಾಂತಮೀಬಾ ತಗುಲಿದವರ ಮನೆಯ ನಲ್ಲಿಗಳಿಂದ ಮಾದರಿ ತೆಗೆದು ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಕೆಲವು ರೋಗಿಗಳ ಕಾರ್ನಿಯಾದಲ್ಲಿದ್ದ ಅಮೀಬಾಗೂ ಅವರದೇ ಮನೆಯ ನಲ್ಲಿಯ ಅಮೀಬಾಗೂ ಮೈಟೊಕಾಂಡ್ರಿಯಾದ ಡಿಎನ್‌ಎ ಗುರುತು ಒಂದೇ ಆಗಿತ್ತು. ಲೆನ್ಸ್‌ಗೆ ನಲ್ಲಿ ನೀರು ತಗುಲಿಸಬೇಡಿ ಅನ್ನುವ ಸಲಹೆಗೆ ಇಂಥ ಸಾಕ್ಷ್ಯಗಳ ಬಲವಿದೆ.

ಇಲ್ಲಿ 18ಎಸ್ ಜೀನೋಟೈಪ್ ಒಂದೇ ಸಾಲದು ಅನ್ನುವುದನ್ನು ಗಮನಿಸಬೇಕು. ರೋಗಿಯಲ್ಲಿ ಟಿ4, ನಲ್ಲಿಯಲ್ಲಿ ಟಿ4 ಅಂದರೆ ಏನೂ ಸಾಬೀತಾಗುವುದಿಲ್ಲ. ಪಕ್ಕದ ಮನೆಯ ನಲ್ಲಿಯಲ್ಲೂ ಟಿ4 ಇರುವ ಸಾಧ್ಯತೆ ಹೆಚ್ಚು. ಒಂದೇ ಟಿ4ರೊಳಗೆ ತಳಿಯಿಂದ ತಳಿಗೆ ಬದಲಾಗುವ ಗುರುತು ಬೇಕು.

ಅಮೀಬಾದ ಒಳಗೂ ಜನ

ವೈವಿಧ್ಯ ಅಮೀಬಾದ ಸ್ವಂತ ಜೀನ್‌ಗಳಿಗೇ ಮುಗಿಯುವುದಿಲ್ಲ. ನುಂಗಿದ ಬ್ಯಾಕ್ಟೀರಿಯಾಗಳೆಲ್ಲ ಅರಗುವುದೂ ಇಲ್ಲ. ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಅಮೀಬಾದೊಳಗೆ ಬದುಕುಳಿದು, ಅಲ್ಲೇ ಹೆಚ್ಚಿಕೊಳ್ಳುತ್ತದೆ ಅಂತ 1980ರಲ್ಲಿ ತಿಮೊಥಿ ರೌಬೊಥಮ್ ತೋರಿಸಿದರು. ಸಿಸ್ಟ್‌ನೊಳಗೆ ಸೇರಿಕೊಂಡರೆ ಅದಕ್ಕೆ ಕ್ಲೋರಿನ್‌ನಿಂದಲೂ ರಕ್ಷಣೆ.

1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಒಂದು ಕೂಲಿಂಗ್ ಟವರ್ ನೀರಿನ ಅಮೀಬಾದಲ್ಲಿ ಸಿಕ್ಕ ಒಂದು ಕಣವನ್ನು ಎಲ್ಲರೂ ಬ್ಯಾಕ್ಟೀರಿಯಾ ಅಂದುಕೊಂಡಿದ್ದರು, ಅಷ್ಟು ದೊಡ್ಡದಿತ್ತು. ಅದು ವೈರಸ್ ಅಂತ ಪ್ರಕಟವಾದದ್ದು 2003ರಲ್ಲಿ. ಅದೇ ಮಿಮಿವೈರಸ್. ಹೀಗೆ ಬಂದುಹೋಗುವವರ ಜೀನ್‌ಗಳು ಅಮೀಬಾದಲ್ಲೇ ಉಳಿದದ್ದೂ ಇದೆ. ನೆಫ್ ತಳಿಯ ಸಂಪೂರ್ಣ ಜೀನ್ ಓದು 2013ರಲ್ಲಿ ಹೊರಬಂದಾಗ, ಅದರ ಸುಮಾರು 15,000 ಜೀನ್‌ಗಳಲ್ಲಿ 450ರಷ್ಟು ಬೇರೆ ಜೀವಿಗಳಿಂದ ಬಂದು ಸೇರಿದವು ಅಂತ ಅಂದಾಜಾಯಿತು.

ಸುದ್ದಿ ಓದುವಾಗ

ಮುಂದಿನ ಸಲ ‘ಅಮೀಬಾ ಪತ್ತೆ’ ಅಂತ ಕಂಡರೆ ಮೊದಲು ಕುಲದ ಹೆಸರು ಹುಡುಕಿ. ನೆಗ್ಲೇರಿಯಾ ಅಂದಿದ್ದರೆ ಫೌಲೆರಿ ಅಂತಲೂ ಇದೆಯಾ ನೋಡಿ. ಬರೀ ನೆಗ್ಲೇರಿಯಾ ಅಂದರೆ ಅದು 40 ಪ್ರಭೇದಗಳಲ್ಲಿ ಯಾವುದೂ ಆಗಿರಬಹುದು. ಅಕಾಂತಮೀಬಾ ಟಿ4 ಅಂದಿದ್ದರೆ ಗಾಬರಿ ಬೇಡ, ಅದು ಸಿಗದಿದ್ದರೇ ಆಶ್ಚರ್ಯ. ಬೆಳೆಸಿ ನೋಡಿದ್ದೋ, ಡಿಎನ್‌ಎ ಮಾತ್ರ ಸಿಕ್ಕಿದ್ದೋ ಅನ್ನುವುದೂ ವರದಿಯಲ್ಲಿ ಇರಬೇಕು.

ಯಾವ ಅಮೀಬಾ ಅನ್ನುವುದರ ಮೇಲೆ ಎಚ್ಚರಿಕೆಯೂ ಬದಲಾಗುತ್ತದೆ. ಫೌಲೆರಿ ಇರುವ ನೀರು ಕುಡಿದರೆ ರೋಗ ಬರುವುದಿಲ್ಲ, ಮೂಗಿಗೆ ಹೋದರೆ ಮಾತ್ರ ಅಪಾಯ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಸತ್ತದ್ದು ನಲ್ಲಿ ನೀರಿನಿಂದ ಮೂಗು ತೊಳೆದುಕೊಂಡಿದ್ದರಿಂದ. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಬೆಚ್ಚಗಿನ ನಿಂತ ನೀರಿಗೆ ಧುಮುಕುವಾಗ ಮೂಗು ಮುಚ್ಚಿಕೊಳ್ಳಬೇಕು, ತಳದ ಕೆಸರು ಕದಡಬಾರದು. ಈಜುಕೊಳಗಳಲ್ಲಿ ಕ್ಲೋರಿನ್ ಪ್ರಮಾಣ ಸರಿಯಾಗಿದ್ದರೆ ಫೌಲೆರಿ ಉಳಿಯುವುದಿಲ್ಲ. ಬಾಲಮುಥಿಯಾ ಮಣ್ಣಿನದು, ಗಾಯದ ಮೂಲಕವೋ ಧೂಳು ಉಸಿರಾಡಿಯೋ ಒಳಗೆ ಹೋಗಬಲ್ಲದು, ಹಾಗಾಗಿ ಗಾಯವಿರುವ ಕೈಯಲ್ಲಿ ಮಣ್ಣಿನ ಕೆಲಸ ಮಾಡುವಾಗ ಕೈಗವಸು ಒಳ್ಳೆಯದು. ಅಕಾಂತಮೀಬಾದ ಸಿಸ್ಟ್‌ಗೆ ಕ್ಲೋರಿನ್ ಸಾಲದು ಅಂತ ಆಗಲೇ ನೋಡಿದೆವು. ಅದಕ್ಕೇ ಲೆನ್ಸ್ ಹಾಕಿಕೊಂಡು ಈಜುವುದಾಗಲಿ ಸ್ನಾನ ಮಾಡುವುದಾಗಲಿ ಬೇಡ. ಲೆನ್ಸ್ ಡಬ್ಬಿಯನ್ನು ನಲ್ಲಿ ನೀರಿನಲ್ಲಿ ತೊಳೆಯುವುದೂ ಬೇಡ. ಲೆನ್ಸ್ ಹಾಕುವವರಿಗೆ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ವಿಪರೀತ ನೋವು ಬಂದರೆ ತಡಮಾಡದೆ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಹೋಗುವಾಗ ಲೆನ್ಸ್ ಮತ್ತು ಅದರ ಡಬ್ಬಿಯನ್ನೂ ಜೊತೆಗೆ ಒಯ್ದರೆ, ಅದರಿಂದಲೂ ಮಾದರಿ ತೆಗೆದು ಹೋಲಿಸಬಹುದು.